ಬಸ್, ರೈಲು, ಮೆಟ್ರೋ ಭದ್ರತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಸ್, ರೈಲು, ಮೆಟ್ರೋಗಳಿಗೆ ಇರುವ ಅಪಾಯಗಳನ್ನು ಹೇಗೆ ಅಳೆಯುತ್ತಾರೆ, ಹೇಗೆ ಕಡಿಮೆ ಮಾಡುತ್ತಾರೆ ಅಂತ ಜನ ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುತ್ತಾರೆ. ಅಂಥ ಪ್ರಶ್ನೆಗಳನ್ನು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಆಮೇಲೆ. ಒಂದೊಂದು ಉತ್ತರವನ್ನೂ ಬೇರೆಯಾಗಿಯೇ ಓದಿಕೊಳ್ಳಬಹುದು.

## ಮೊದಲಿಗೆ

ಏರ್‌ಪೋರ್ಟಿನಲ್ಲಿ ಬೆಲ್ಟು, ಶೂ ಎಲ್ಲಾ ಬಿಚ್ಚಿಸ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಯಾಕೆ ಯಾರೂ ಕೇಳೋದೇ ಇಲ್ಲ?

ಸ್ವಲ್ಪ ಲೆಕ್ಕ ಹಾಕಿ ನೋಡಿ. ಒಬ್ಬರ ತಪಾಸಣೆಗೆ ಬರೀ 6 ಸೆಕೆಂಡ್ ಸಾಕು ಅಂದುಕೊಳ್ಳೋಣ. ಆಗ ಒಂದು ಗೇಟಿನಲ್ಲಿ ಗಂಟೆಗೆ 600 ಜನ ದಾಟಬಹುದು. ನಮ್ಮ ಮೆಟ್ರೋದ ಆರು ಬೋಗಿಯ ರೈಲು ಒಂದು ತುಂಬಿದರೆ ಅದರಲ್ಲೇ ಸಾವಿರದ ಐನೂರಕ್ಕಿಂತ ಜಾಸ್ತಿ ಜನ ಇರುತ್ತಾರೆ. ಬೆಂಗಳೂರಿನ ಬಿಎಂಟಿಸಿ ಬಸ್ಸುಗಳಲ್ಲಿ ದಿನಕ್ಕೆ ಸುಮಾರು 40 ಲಕ್ಷ ಪ್ರಯಾಣಗಳು ಆಗುತ್ತವೆ. ಜನ ಹತ್ತುವ ಸ್ಟಾಪುಗಳು ಸಾವಿರಾರು, ಅದರಲ್ಲಿ ಎಷ್ಟಕ್ಕೋ ತಲೆಯ ಮೇಲೆ ಸೂರೂ ಇಲ್ಲ. ಅಲ್ಲಿ ಗೇಟು ಎಲ್ಲಿ ಹಾಕ್ತೀರಿ?

ವಿಮಾನಕ್ಕೆ ನಾವು ಎರಡು ಗಂಟೆ ಮುಂಚೆ ಹೋಗುತ್ತೇವೆ. ಕಾಲು ಗಂಟೆಯ ಬಸ್ ಪ್ರಯಾಣಕ್ಕೆ ಅರ್ಧ ಗಂಟೆ ಕ್ಯೂ ನಿಲ್ಲಿಸಿದರೆ ಜನ ಸ್ಕೂಟರ್ ತೆಗೆಯುತ್ತಾರೆ. ರಸ್ತೆಯಲ್ಲಿ ಸ್ಕೂಟರ್ ಬಸ್ಸಿಗಿಂತ ಎಷ್ಟೋ ಪಟ್ಟು ಅಪಾಯದ್ದು. ಭದ್ರತೆ ಹೆಚ್ಚಿಸಲು ಹೋಗಿ ಸಾವು ಹೆಚ್ಚಿಸಿದ ಹಾಗೆ ಆಗುತ್ತದೆ.

ಇನ್ನೊಂದು ತೊಡಕು ಕ್ಯೂನದ್ದೇ. 2016ರ ಮಾರ್ಚ್ 22ರಂದು ಬ್ರಸೆಲ್ಸ್ ವಿಮಾನ ನಿಲ್ದಾಣದಲ್ಲಿ ಬಾಂಬ್ ಸಿಡಿದದ್ದು ತಪಾಸಣೆಯ ಒಳಗಲ್ಲ, ಹೊರಗೆ ಜನ ಚೆಕ್-ಇನ್‌ಗೆ ನಿಂತಿದ್ದ ಜಾಗದಲ್ಲಿ. ಅದೇ ಬೆಳಿಗ್ಗೆ ಅಲ್ಲಿನ ಮೆಟ್ರೋ ರೈಲೊಂದರಲ್ಲೂ ಬಾಂಬ್ ಸಿಡಿಯಿತು. ಎರಡೂ ಕಡೆ ಸೇರಿ 32 ಜನ ಸತ್ತರು. ಬಾಗಿಲಲ್ಲಿ ಗುಂಪು ಕಟ್ಟಿಸಿದರೆ ಒಳಗಿನ ಅಪಾಯ ಹೊರಗೆ ಬಂದು ನಿಲ್ಲುತ್ತದೆ, ಅಷ್ಟೇ.

ಸೇಫ್ಟಿ ಬೇರೆ, ಸೆಕ್ಯೂರಿಟಿ ಬೇರೆ ಅಂತಾರೆ. ಸಾಯೋನಿಗೆ ಏನು ವ್ಯತ್ಯಾಸ?

ಕಾಗದದ ಮೇಲಿನ ವ್ಯತ್ಯಾಸ ಇಷ್ಟು: ಯಾರೋ ಬೇಕಂತಲೇ ಮಾಡಿದರೆ ಅದು ಸೆಕ್ಯೂರಿಟಿ, ತಾನಾಗಿ ಆದರೆ ಸೇಫ್ಟಿ. 2010ರಲ್ಲಿ ಪಶ್ಚಿಮ ಬಂಗಾಳದಲ್ಲಿ ಜ್ಞಾನೇಶ್ವರಿ ಎಕ್ಸ್‌ಪ್ರೆಸ್ ಹಳಿ ತಪ್ಪಿದ್ದು ವಿಧ್ವಂಸಕ ಕೃತ್ಯದಿಂದ. 2023ರಲ್ಲಿ ಒಡಿಶಾದ ಬಾಲಾಸೋರ್‌ನಲ್ಲಾದ ರೈಲು ದುರಂತಕ್ಕೆ ಕಾರಣ ಸಿಗ್ನಲ್ ಕೆಲಸದಲ್ಲಾದ ತಪ್ಪು. ಎರಡಕ್ಕೂ ಬೇರೆ ಬೇರೆ ಇಲಾಖೆ, ಬೇರೆ ಬೇರೆ ಫೈಲು.

ಆದರೆ ನಿಮ್ಮ ಪ್ರಶ್ನೆ ಸರಿಯಾಗಿದೆ. ದಕ್ಷಿಣ ಕೊರಿಯಾದ ದೇಗು ನಗರದ ಕಥೆ ನೋಡಿ. 2003ರ ಫೆಬ್ರುವರಿ 18ರ ಬೆಳಿಗ್ಗೆ ಒಬ್ಬ ಹಾಲಿನ ಪೊಟ್ಟಣದಲ್ಲಿ ಪೆಟ್ರೋಲಿನಂಥ ದ್ರವ ತಂದು ಮೆಟ್ರೋ ಬೋಗಿಯಲ್ಲಿ ಬೆಂಕಿ ಹಚ್ಚಿದ. ಸೆಕ್ಯೂರಿಟಿ ವಿಷಯ ಇಲ್ಲಿಗೆ ಮುಗಿಯಿತು. ಮುಂದೆ ಆದದ್ದೆಲ್ಲಾ ಸೇಫ್ಟಿ. ಬೋಗಿಯ ಸೀಟು, ನೆಲಹಾಸು ಸುಲಭವಾಗಿ ಉರಿಯುವ ವಸ್ತುಗಳಾಗಿದ್ದವು. ನಿಲ್ದಾಣ ಹೊಗೆಯಿಂದ ತುಂಬುತ್ತಿರುವಾಗಲೇ ಎದುರು ಹಳಿಯಲ್ಲಿ ಇನ್ನೊಂದು ರೈಲು ಬಂದು ಪಕ್ಕದಲ್ಲಿ ನಿಂತಿತು. ಅದನ್ನು ಯಾರೂ ಹಿಂದಿನ ನಿಲ್ದಾಣದಲ್ಲಿ ತಡೆಯಲಿಲ್ಲ. ಕರೆಂಟ್ ಹೋಯಿತು. ಆ ಎರಡನೇ ರೈಲಿನ ಚಾಲಕ ಮೊದಲು ಪ್ರಯಾಣಿಕರಿಗೆ ಒಳಗೇ ಇರಿ ಅಂದ, ಆಮೇಲೆ ಮಾಸ್ಟರ್ ಕೀ ಕಿತ್ತುಕೊಂಡು ಓಡಿದ. ಬಾಗಿಲುಗಳು ಮುಚ್ಚಿದ್ದು ಹಾಗೇ ಉಳಿದವು. ಒಟ್ಟು 192 ಜನ ಸತ್ತರು. ಅವರಲ್ಲಿ ಬಹುಪಾಲು ಜನ ಇದ್ದದ್ದು ಬೆಂಕಿ ಹಚ್ಚಿದ ರೈಲಿನಲ್ಲಲ್ಲ, ಆಮೇಲೆ ಬಂದ ಈ ಎರಡನೇ ರೈಲಿನಲ್ಲಿ.

ಬೆಂಕಿ ಹಚ್ಚಿದವನನ್ನು ಬಾಗಿಲಲ್ಲೇ ಹಿಡಿಯುವುದು ಕಷ್ಟವಿತ್ತು. ಎರಡನೇ ರೈಲನ್ನು ನಿಲ್ಲಿಸುವುದು ಕಷ್ಟವಿರಲಿಲ್ಲ. ಅದಕ್ಕೆ ಬೇಕಾಗಿದ್ದು ಒಂದು ಫೋನು ಮತ್ತು ಒಂದು ನಿರ್ಧಾರ. ಕೊರಿಯಾದವರು ಆಮೇಲೆ ಬೋಗಿಗಳ ಒಳಭಾಗವನ್ನೆಲ್ಲಾ ಬೆಂಕಿ ತಡೆಯುವ ವಸ್ತುಗಳಿಗೆ ಬದಲಾಯಿಸಿದರು.

ಅಪಾಯ ಅಂದಾಜು ಮಾಡ್ತೀವಿ ಅಂತಾರಲ್ಲ, ಕೂತು ಭವಿಷ್ಯ ಹೇಳೋದಾ ಅದು?

ಅಲ್ಲ. ಮೂರು ಪ್ರಶ್ನೆ ಕೇಳಿಕೊಳ್ಳುವುದು. ಇಂಥದ್ದನ್ನು ಯಾರಾದರೂ ಮಾಡುವ ಸಾಧ್ಯತೆ ಎಷ್ಟು? ಮಾಡಲು ಹೊರಟರೆ ಎಷ್ಟು ಸುಲಭ? ಆಗಿಯೇ ಬಿಟ್ಟರೆ ನಷ್ಟ ಎಷ್ಟು? ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ ಕೊಟ್ಟು ಗುಣಿಸುತ್ತಾರೆ. ಜಾಸ್ತಿ ಅಂಕ ಬಂದದ್ದಕ್ಕೆ ಮೊದಲು ದುಡ್ಡು.

ಇದರಲ್ಲಿ ಒಂದು ಮೋಸ ಇದೆ. ಜೇಬುಗಳ್ಳತನದ ಸಾಧ್ಯತೆ 5, ಸುಲಭ 4, ನಷ್ಟ 1 ಅಂತ ಇಟ್ಟುಕೊಳ್ಳಿ. ಗುಣಿಸಿದರೆ 20. ನೆಲದಡಿಯ ನಿಲ್ದಾಣದಲ್ಲಿ ಬೆಂಕಿ ಹಚ್ಚುವುದಕ್ಕೆ ಸಾಧ್ಯತೆ 1, ಸುಲಭ 4, ನಷ್ಟ 5. ಅದೂ 20. ಅಂಕ ಒಂದೇ ಆದರೂ ಎರಡೂ ಒಂದೇ ಅಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಮೊದಲನೆಯದಕ್ಕೆ ಮಫ್ತಿಯ ಪೊಲೀಸರು ಸಾಕು. ಎರಡನೆಯದಕ್ಕೆ ಹೊಗೆ ಎಳೆಯುವ ಫ್ಯಾನು, ತುರ್ತು ದಾರಿ, ಅಭ್ಯಾಸ ಇರುವ ಸಿಬ್ಬಂದಿ ಬೇಕು. ಅಂಕ ಚರ್ಚೆ ಶುರು ಮಾಡುವುದಕ್ಕೆ ಮಾತ್ರ. ಅದನ್ನೇ ತೀರ್ಪು ಅಂದುಕೊಂಡವರ ವರದಿ ಚೆಂದ ಇರುತ್ತದೆ, ನಿಲ್ದಾಣ ಇದ್ದ ಹಾಗೇ ಇರುತ್ತದೆ.

ಅಸಲಿ ಕೆಲಸ ಕಾಲಿನದು. ನಿಲ್ದಾಣವನ್ನು ಬೆಳಿಗ್ಗೆ ಒಂಬತ್ತರ ರಷ್‌ನಲ್ಲಿ ಒಮ್ಮೆ, ರಾತ್ರಿ ಕೊನೇ ರೈಲು ಹೋದಮೇಲೆ ಒಮ್ಮೆ ನಡೆದು ನೋಡಬೇಕು. ನಕ್ಷೆಯಲ್ಲಿ "ತುರ್ತು ನಿರ್ಗಮನ" ಅಂತ ಹಸಿರು ಬಾಣ ಇರುತ್ತದೆ. ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಬೀಗದ ಕೈ ಎಲ್ಲಿ? ಸೂಪರ್‌ವೈಸರ್ ಹತ್ತಿರ. ಸೂಪರ್‌ವೈಸರ್ ಎಲ್ಲಿ? ಊಟಕ್ಕೆ ಹೋಗಿದ್ದಾರೆ. ಬಾಗಿಲಿನ ಆಚೆ ಮುರಿದ ಕುರ್ಚಿಗಳ ರಾಶಿ. ಇಂಥದ್ದು ಯಾವ ಕಂಪ್ಯೂಟರ್ ಹಾಳೆಯಲ್ಲೂ ಕಾಣುವುದಿಲ್ಲ.

ಏನಾದ್ರೂ ಆದ್ರೆ ಯಾರಿಗೆ ಹೇಳ್ಬೇಕು? ರೈಲ್ವೆ ಪೊಲೀಸಾ, ಲೋಕಲ್ ಪೊಲೀಸಾ?

ಮೊದಲು 112. ಇದು ಎಲ್ಲದಕ್ಕೂ ನಡೆಯುತ್ತದೆ. ರೈಲಿನಲ್ಲಿದ್ದರೆ 139.

ಒಳಗಿನ ಹಂಚಿಕೆ ಹೀಗಿದೆ: ರೈಲ್ವೆಯ ಆಸ್ತಿ ಮತ್ತು ಪ್ರಯಾಣಿಕರ ರಕ್ಷಣೆ ಕೇಂದ್ರದ ರೈಲ್ವೆ ರಕ್ಷಣಾ ಪಡೆ, ಅಂದರೆ ಆರ್‌ಪಿಎಫ್ ಕೆಲಸ. ಕಳವು, ಹಲ್ಲೆಯಂಥ ಅಪರಾಧ ಆದರೆ ಕೇಸು ನಡೆಸುವುದು ರಾಜ್ಯದ ರೈಲ್ವೆ ಪೊಲೀಸರು. ದೆಹಲಿ ಮೆಟ್ರೋಗೆ ಕೇಂದ್ರದ ಪಡೆಯಾದ ಸಿಐಎಸ್‌ಎಫ್ ಕಾವಲು ಇದೆ. ನಮ್ಮ ಮೆಟ್ರೋದಲ್ಲಿ ಕರ್ನಾಟಕ ರಾಜ್ಯ ಕೈಗಾರಿಕಾ ಭದ್ರತಾ ಪಡೆಯವರು, ಹೋಂ ಗಾರ್ಡ್‌ಗಳು, ಖಾಸಗಿ ಗಾರ್ಡ್‌ಗಳು ಇರುತ್ತಾರೆ. ಕೇಸು ಮಾತ್ರ ಆ ಜಾಗದ ಪೊಲೀಸ್ ಠಾಣೆಯಲ್ಲೇ. "ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಅಂತ ವಾಪಸ್ ಕಳಿಸಿದರೆ ಝೀರೋ ಎಫ್‌ಐಆರ್ ಕೇಳಿ. ಯಾವ ಠಾಣೆಯಲ್ಲಾದರೂ ದೂರು ಬರೆಸಿಕೊಳ್ಳಬೇಕು ಅಂತ ಈಗಿನ ಕಾನೂನೇ ಹೇಳುತ್ತದೆ.

## ಪ್ರಯಾಣಿಕರ ಕಡೆಯಿಂದ

ಸೀಟಿನ ಕೆಳಗೆ ಯಾರದೋ ಬ್ಯಾಗ್ ಇದೆ. ಮುಟ್ಟಲಾ, ಬಿಡಲಾ?

ಮುಟ್ಟಬೇಡಿ. ಹಾಗಂತ ಕೂಗಾಡಲೂ ಬೇಡಿ.

ಬಿಟ್ಟುಹೋದ ಬ್ಯಾಗುಗಳಲ್ಲಿ ಬಹುತೇಕ ಎಲ್ಲವೂ ಮರೆತದ್ದೇ. ಟಿಫಿನ್ ಬಾಕ್ಸ್, ಕೊಡೆ, ಮಗುವಿನ ಸ್ವೆಟರ್. ಪ್ರತಿ ಸಲ ನಿಲ್ದಾಣ ಖಾಲಿ ಮಾಡಿಸಿದರೆ ಊರು ನಡೆಯುವುದಿಲ್ಲ. ಅದಕ್ಕೆ ಬ್ರಿಟನ್ನಿನ ರೈಲ್ವೆ ಸಿಬ್ಬಂದಿಗೆ ಮೂರು ವಿಷಯ ನೋಡಿ ಅಂತ ಕಲಿಸುತ್ತಾರೆ. ಬೇಕಂತಲೇ ಬಚ್ಚಿಟ್ಟ ಹಾಗಿದೆಯಾ? ವೈರು, ಬ್ಯಾಟರಿ, ಟೇಪು, ಸೋರುವ ದ್ರವ, ಹೀಗೆ ನೋಡಿದರೇ ಅನುಮಾನ ಬರುವ ಹಾಗಿದೆಯಾ? ಆ ಜಾಗದಲ್ಲಿ ಸಾಮಾನ್ಯವಾಗಿ ಕಾಣುವ ವಸ್ತುವಾ? ಲಗೇಜ್ ರ್‍ಯಾಕಿನಲ್ಲಿ ಎದ್ದು ಕಾಣುವ ಹಾಗೆ ಇರುವ ಸೂಟ್‌ಕೇಸ್ ಒಂದು ಥರ. ಶೌಚಾಲಯದ ಪೈಪಿನ ಹಿಂದೆ ತುರುಕಿದ ಪೊಟ್ಟಣ ಇನ್ನೊಂದು ಥರ.

ನೀವು ಮಾಡಬೇಕಾದ್ದು ಇಷ್ಟು: "ಇದು ಯಾರದ್ರೀ?" ಅಂತ ಅಕ್ಕಪಕ್ಕ ಕೇಳಿ. ಉತ್ತರ ಬರದಿದ್ದರೆ ದೂರ ಸರಿಯಿರಿ, ಕಂಡಕ್ಟರ್‌ಗೋ ಗಾರ್ಡ್‌ಗೋ ಹೇಳಿ, ಬೋಗಿ ನಂಬರ್ ಹೇಳಿ. ಫೋನ್ ಮಾಡುವುದಿದ್ದರೆ ಆ ವಸ್ತುವಿನಿಂದ ದೂರ ಹೋಗಿ ಮಾಡಿ.

ಮುಟ್ಟಬೇಡಿ ಅನ್ನುವುದಕ್ಕೆ ಕಾರಣ ಟೋಕಿಯೋ. 1995ರ ಮಾರ್ಚ್ 20ರಂದು ಅಲ್ಲಿನ ಮೂರು ಮೆಟ್ರೋ ಮಾರ್ಗಗಳ ಐದು ರೈಲುಗಳಲ್ಲಿ ಸರಿನ್ ಎಂಬ ವಿಷ ತುಂಬಿದ ಚೀಲಗಳನ್ನು ಇಟ್ಟು, ಕೊಡೆಯ ತುದಿಯಿಂದ ಚುಚ್ಚಿ ಹೋಗಿದ್ದರು. ನೋಡುವುದಕ್ಕೆ ನ್ಯೂಸ್‌ಪೇಪರ್ ಸುತ್ತಿದ ಒದ್ದೆ ಪೊಟ್ಟಣ. ಕಸುಮಿಗಾಸೆಕಿ ನಿಲ್ದಾಣದ ಸಿಬ್ಬಂದಿ ಅದನ್ನು ಕಸ ತೆಗೆಯುವ ಹಾಗೆ ತೆಗೆದು, ಸೋರಿದ್ದನ್ನು ಒರೆಸಿದರು. ಅವರಲ್ಲಿ ಇಬ್ಬರು ಸತ್ತರು. ಗಾಯಾಳುಗಳ ಬಟ್ಟೆಯಲ್ಲಿದ್ದ ವಿಷ ಆಸ್ಪತ್ರೆಯ ಡಾಕ್ಟರು, ನರ್ಸುಗಳಿಗೂ ತಟ್ಟಿತು.

ಪುಟ್ಟ ಸಿಲಿಂಡರ್, ಒಂದು ಬಾಕ್ಸ್ ಪಟಾಕಿ. ಇಷ್ಟಕ್ಕೆಲ್ಲಾ ಯಾಕಪ್ಪಾ ಗಲಾಟೆ?

2023ರ ಆಗಸ್ಟ್ 26ರ ಮುಂಜಾನೆ ಮದುರೈನಲ್ಲಿ ನಿಂತಿದ್ದ ಪ್ರವಾಸಿ ಬೋಗಿಯಲ್ಲಿ ಬೆಂಕಿ ಹತ್ತಿ 9 ಜನ ಸತ್ತರು. ಒಳಗೆ ಕದ್ದು ತಂದ ಗ್ಯಾಸ್ ಸಿಲಿಂಡರ್ ಇತ್ತು. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ.

ಉದ್ದೇಶ ಇದ್ದಾಗ ಏನಾಗುತ್ತದೆ ಅನ್ನುವುದನ್ನು ಅದೇ ವರ್ಷ ಏಪ್ರಿಲ್ 2ರಂದು ಕೇರಳದ ಎಲತ್ತೂರಿನಲ್ಲಿ ನೋಡಿದೆವು. ಆಲಪ್ಪುಳ–ಕಣ್ಣೂರು ರೈಲಿನಲ್ಲಿ ಒಬ್ಬ ಪ್ರಯಾಣಿಕರ ಮೇಲೆ ಪೆಟ್ರೋಲ್ ಎರಚಿ ಬೆಂಕಿ ಹಚ್ಚಿದ. ಆಮೇಲೆ ಹಳಿಯ ಮೇಲೆ ಮೂವರ ಶವ ಸಿಕ್ಕಿತು, ಅದರಲ್ಲಿ ಒಂದು ಮಗು. ಓಡುವ ರೈಲಿನಲ್ಲಿ ಬೆಂಕಿಗೆ ಗಾಳಿ ಸಿಗುತ್ತದೆ, ಜನಕ್ಕೆ ದಾರಿ ಸಿಗುವುದಿಲ್ಲ. ಅದಕ್ಕೇ ರೈಲ್ವೆ ಕಾಯ್ದೆಯ 164ನೇ ಕಲಂ ಇಂಥ ವಸ್ತು ತಂದವರಿಗೆ ಮೂರು ವರ್ಷದವರೆಗೆ ಜೈಲು ಹೇಳುತ್ತದೆ. ದಂಡದ ಮಿತಿ ಬರೀ ಸಾವಿರ ರೂಪಾಯಿ, ಕಾಯ್ದೆ ಬಂದ 1989ರ ಕಾಲದ್ದು. ಪಟಾಕಿ ಬಾಕ್ಸಿನ ಬೆಲೆಯೇ ಈಗ ಅದಕ್ಕಿಂತ ಜಾಸ್ತಿ.

ಹುಡುಗ್ರು ಆಟಕ್ಕೆ ರೈಲಿಗೆ ಕಲ್ಲು ಹೊಡೀತಾರೆ. ಅದೂ ಭದ್ರತೆ ವಿಷಯಾನಾ?

ಹೌದು, ಅದೂ ದಿನನಿತ್ಯದ್ದು. ಜನರಿಗೆ ಏಟಾಗಲಿ ಅಂತ ರೈಲಿನ ಮೇಲೆ ಏನಾದರೂ ಎಸೆದರೆ ರೈಲ್ವೆ ಕಾಯ್ದೆಯ 152ನೇ ಕಲಂ ಪ್ರಕಾರ ಜೀವಾವಧಿವರೆಗೂ ಶಿಕ್ಷೆ ಇದೆ. ಹನ್ನೆರಡು ವರ್ಷದ ಹುಡುಗನಿಗೆ ಅದನ್ನು ಓದಿ ಹೇಳಿ ಪ್ರಯೋಜನ ಇಲ್ಲ. ಯಾವ ಕಿಲೋಮೀಟರ್ ಕಲ್ಲಿನ ಹತ್ತಿರ, ಎಷ್ಟು ಗಂಟೆಗೆ ಪದೇ ಪದೇ ಆಗುತ್ತದೆ ಅಂತ ಗುರುತು ಮಾಡಿ, ಹತ್ತಿರದ ಶಾಲೆಗೆ ಹೋಗಿ ಮಾತಾಡುವುದೇ ಮೇಲು. ಆರ್‌ಪಿಎಫ್‌ನವರು ಇದನ್ನು ಮಾಡುತ್ತಾರೆ.

ಬಸ್ಸಿನಲ್ಲಿ ಪ್ಯಾನಿಕ್ ಬಟನ್ ಇದೆ. ಒತ್ತಿದ್ರೆ ನಿಜವಾಗ್ಲೂ ಯಾರಾದ್ರೂ ಬರ್ತಾರಾ?

2012ರ ಡಿಸೆಂಬರ್ 16ರಂದು ದೆಹಲಿಯಲ್ಲಿ ಆದ ಅತ್ಯಾಚಾರ ನಡೆದದ್ದು ಊರೊಳಗೇ ಓಡಾಡುತ್ತಿದ್ದ ಖಾಸಗಿ ಬಸ್ಸಿನಲ್ಲಿ. ಕಿಟಕಿಗೆ ಕಪ್ಪು ಗಾಜು, ಪರದೆ. ಬಸ್ ಎಲ್ಲಿದೆ ಅಂತ ಹೊರಗಿನವರಿಗೆ ಯಾರಿಗೂ ಗೊತ್ತಿರಲಿಲ್ಲ. ಅದಾದ ಮೇಲೆ ಬಂದ ನಿಯಮ ಎಐಎಸ್-140. ಸಾರ್ವಜನಿಕ ವಾಹನದಲ್ಲಿ ಜಾಗ ತೋರಿಸುವ ಉಪಕರಣ ಮತ್ತು ತುರ್ತು ಬಟನ್ ಇರಬೇಕು ಅನ್ನುತ್ತದೆ. 2019ರಿಂದ ಹೊಸ ವಾಹನಗಳಿಗೆ ಕಡ್ಡಾಯ.

ಬಟನ್ ಒತ್ತಿದರೆ ಬಸ್ಸಿನ ಜಾಗದ ಜೊತೆ ಒಂದು ಎಚ್ಚರಿಕೆ ಕಂಟ್ರೋಲ್ ರೂಮಿಗೆ ಹೋಗುತ್ತದೆ. ಆಮೇಲಿನದ್ದೆಲ್ಲಾ ಆ ರೂಮಿನಲ್ಲಿ ಯಾರು ಕೂತಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಸಿಮ್‌ಗೆ ರೀಚಾರ್ಜ್ ಆಗಿರಬೇಕು, ವೈರು ಕಿತ್ತಿರಬಾರದು, ಪರದೆ ನೋಡುವವರಿಗೆ ಪೊಲೀಸರ ಜೊತೆ ನೇರ ಸಂಪರ್ಕ ಇರಬೇಕು. ಬಟನ್ ಎಷ್ಟು ಬಸ್ಸಿಗೆ ಹಾಕಿದ್ದೀರಿ ಅಂತ ಎಲ್ಲರೂ ಕೇಳುತ್ತಾರೆ. ಕಳೆದ ತಿಂಗಳು ಎಷ್ಟು ಬಟನ್ ಒತ್ತಿ ಪರೀಕ್ಷೆ ಮಾಡಿದಿರಿ ಅಂತ ಕೇಳುವವರು ಕಡಿಮೆ. ನಿಮ್ಮ ಮಟ್ಟಿಗೆ ಹೇಳುವುದಾದರೆ, ಬಟನ್ ಒತ್ತಿ, ಜೊತೆಗೆ 112ಕ್ಕೂ ಫೋನ್ ಮಾಡಿ.

ನಾನು ದಿನಾ ರಾತ್ರಿ ಹತ್ತಕ್ಕೆ ಒಬ್ಬಳೇ ಬರ್ತೀನಿ. ಮೆಟ್ರೋದಲ್ಲಿ ಭಯ ಇಲ್ಲ, ಇಳಿದ ಮೇಲೆ ಭಯ. ಅದು ಯಾರ ಜವಾಬ್ದಾರಿ?

ಕಾಗದದ ಪ್ರಕಾರ ಮೆಟ್ರೋದ್ದಲ್ಲ. ಆದರೆ ಪ್ರಯಾಣ ಮನೆ ಬಾಗಿಲಿನಲ್ಲಿ ಶುರುವಾಗಿ ಮನೆ ಬಾಗಿಲಿನಲ್ಲಿ ಮುಗಿಯುತ್ತದೆ. ನಿಲ್ದಾಣದ ಮೆಟ್ಟಿಲಿನಿಂದ ಆಟೋ ಸ್ಟ್ಯಾಂಡಿನವರೆಗಿನ ಇನ್ನೂರು ಮೀಟರ್ ಕತ್ತಲಿದ್ದರೆ ಒಳಗಿನ ಎಲ್ಲಾ ಕ್ಯಾಮೆರಾ ವ್ಯರ್ಥ. ಹೆಂಗಸರು ಆ ಕೆಲಸವನ್ನೇ ಬಿಡುತ್ತಾರೆ, ಅಥವಾ ಸಂಬಳದಲ್ಲಿ ಅರ್ಧ ಕ್ಯಾಬ್‌ಗೆ ಸುರಿಯುತ್ತಾರೆ.

ಇದನ್ನೂ ಅಳೆಯಬಹುದು. ಸೇಫ್ಟಿಪಿನ್ ಅನ್ನುವ ಭಾರತದ್ದೇ ಸಂಸ್ಥೆ 2013ರಿಂದ ಬೀದಿಗಳನ್ನು ಹೀಗೆ ಅಳೆಯುತ್ತಿದೆ. ಬೆಳಕು ಎಷ್ಟು, ಬಯಲಾಗಿದೆಯಾ, ಅಂಗಡಿ–ಮನೆಗಳಿಂದ ಯಾರಾದರೂ ನಿಮ್ಮನ್ನು ನೋಡಬಹುದಾ, ಫುಟ್‌ಪಾತ್ ಇದೆಯಾ, ಬೇರೆ ಹೆಂಗಸರು ಓಡಾಡುತ್ತಿದ್ದಾರಾ ಅಂತ ಅಂಕ ಕೊಡುತ್ತಾರೆ. ರಾತ್ರಿ ಎಂಟರ ಮೇಲೂ ತೆರೆದಿರುವ ಒಂದು ಬೇಕರಿ ಎರಡು ಕ್ಯಾಮೆರಾಗಳಿಗೆ ಸಮ ಅಂತ ನನ್ನ ಅಭಿಪ್ರಾಯ.

ಒಳಗೂ ಎಲ್ಲಾ ಸರಿ ಅಂತಲ್ಲ. 2025ರ ಮೇ ತಿಂಗಳಲ್ಲಿ ನಮ್ಮ ಮೆಟ್ರೋದಲ್ಲಿ ಮಹಿಳೆಯರಿಗೆ ಗೊತ್ತಾಗದಂತೆ ವಿಡಿಯೊ ತೆಗೆದು ಇನ್‌ಸ್ಟಾಗ್ರಾಮ್‌ಗೆ ಹಾಕುತ್ತಿದ್ದ ಪ್ರಕರಣ ಬಯಲಾಯಿತು, ಪೊಲೀಸರು ಒಬ್ಬನನ್ನು ಬಂಧಿಸಿದರು. ಅಂಥದ್ದು ಕಂಡರೆ ದಿನಾಂಕ, ಸಮಯ, ನಿಲ್ದಾಣ ಬರೆದು ದೂರು ಕೊಡಿ. ಕ್ಯಾಮೆರಾ ದೃಶ್ಯ ಅಳಿಸಿ ಹೋಗುವ ಮೊದಲೇ ಕೊಡಬೇಕು. ದೂರದ ರೈಲಿನಲ್ಲಿ ಒಬ್ಬರೇ ಹೋಗುವ ಮಹಿಳೆಯರಿಗೆ ಆರ್‌ಪಿಎಫ್‌ನ "ಮೇರಿ ಸಹೇಲಿ" ತಂಡ ಇದೆ. ಹತ್ತುವ ನಿಲ್ದಾಣದಲ್ಲಿ ಬಂದು ಮಾತಾಡಿಸಿ, ಸೀಟ್ ನಂಬರ್ ಮುಂದಿನ ನಿಲ್ದಾಣದವರಿಗೆ ದಾಟಿಸುತ್ತಾರೆ.

ರೈಲಿನಲ್ಲಿ ಬಾಂಬ್, ಬೆಂಕಿ ಅಂತ ಯಾರೋ ಕೂಗಿದ್ರೆ ಇಳಿದು ಓಡೋದೇ ಸೇಫ್ ಅಲ್ವಾ?

2025ರ ಜನವರಿ 22ರಂದು ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯಲ್ಲಿ ಪುಷ್ಪಕ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಕಿ ಅಂತ ಸುದ್ದಿ ಹಬ್ಬಿತು. ಯಾರೋ ಚೈನ್ ಎಳೆದರು. ಜನ ಪಕ್ಕದ ಹಳಿಯ ಮೇಲೆ ಇಳಿದರು. ಆ ಹಳಿಯಲ್ಲಿ ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಬರುತ್ತಿತ್ತು. ಹತ್ತಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ಇರಲೇ ಇಲ್ಲ.

ಹೊಗೆ ಕಣ್ಣಿಗೆ ಕಂಡರೆ ಮೊದಲು ಪಕ್ಕದ ಬೋಗಿಗೆ ಹೋಗಿ. ಇಳಿಯಲೇಬೇಕಾದರೆ ಇನ್ನೊಂದು ಹಳಿ ಇಲ್ಲದ ಕಡೆಗೆ ಇಳಿಯಿರಿ. ಮೆಟ್ರೋದಲ್ಲಂತೂ ಹಳಿಗೆ ಇಳಿಯಲೇಬೇಡಿ. ನಮ್ಮ ಮೆಟ್ರೋಗೆ ಕರೆಂಟ್ ಬರುವುದು ಮೇಲಿನ ತಂತಿಯಿಂದಲ್ಲ, ಹಳಿಯ ಪಕ್ಕದಲ್ಲೇ ಹೋಗುವ ಮೂರನೇ ಹಳಿಯಿಂದ. 750 ವೋಲ್ಟ್ ಇರುತ್ತದೆ.

## ಇನ್ನೂ ಸ್ವಲ್ಪ ಒಳಕ್ಕೆ

ಡೋರ್ ಫ್ರೇಮ್ ಮೆಟಲ್ ಡಿಟೆಕ್ಟರ್ ಪೀಂ ಪೀಂ ಅಂತಿರುತ್ತೆ, ಯಾರೂ ತಿರುಗಿ ನೋಡಲ್ಲ. ಬರೀ ಶೋ ಅಲ್ವಾ ಇದು?

ಹಲವು ಕಡೆ ಹೌದು. ಬೀಗದ ಕೈ, ಮೊಬೈಲ್, ಚಿಲ್ಲರೆ ಇದ್ದವರೆಲ್ಲರಿಗೂ ಕೂಗುವ ಯಂತ್ರ ಯಾರಿಗೂ ಕೂಗದ ಯಂತ್ರಕ್ಕೆ ಸಮ. ಗಾರ್ಡ್ ಅರ್ಧ ಗಂಟೆ ಗಮನ ಕೊಡಬಹುದು. ಎಂಟು ಗಂಟೆ ಆಗುವುದಿಲ್ಲ, ಅದು ಮನುಷ್ಯನ ಮಿತಿ.

ದಾರಿಗಳು ಎರಡು. ದೆಹಲಿ ಮತ್ತು ಬೀಜಿಂಗ್ ಮೆಟ್ರೋಗಳಲ್ಲಿ ಎಲ್ಲರ ಬ್ಯಾಗನ್ನೂ ಎಕ್ಸ್‌ರೇಗೆ ಹಾಕುತ್ತಾರೆ, ಅದಕ್ಕೆ ತಕ್ಕಷ್ಟು ಜನ, ಜಾಗ, ದುಡ್ಡು ಇಟ್ಟಿದ್ದಾರೆ. ನ್ಯೂಯಾರ್ಕಿನಲ್ಲಿ 2005ರ ಲಂಡನ್ ಮೆಟ್ರೋ ಬಾಂಬ್ ದಾಳಿಯ ನಂತರ ಯಾದೃಚ್ಛಿಕ ತಪಾಸಣೆ ಶುರು ಮಾಡಿದರು. ಇವತ್ತು ಈ ನಿಲ್ದಾಣ, ನಾಳೆ ಇನ್ನೊಂದು. ಎಷ್ಟನೆಯವರನ್ನು ನಿಲ್ಲಿಸಬೇಕು ಅನ್ನುವುದು ಮೊದಲೇ ನಿಗದಿ, ಹಾಗಾಗಿ ಮುಖ ನೋಡಿ ಮಣೆ ಹಾಕುವ ಹಾಗಿಲ್ಲ. ಎಲ್ಲಿ, ಯಾವಾಗ ಅಂತ ಗೊತ್ತಿಲ್ಲದಿರುವುದೇ ಯೋಜನೆ ಹಾಕುವವನಿಗೆ ತಲೆನೋವು. ಸಿಬ್ಬಂದಿ ಕಮ್ಮಿ ಇರುವ ನಮ್ಮಂಥ ಕಡೆ ಎಲ್ಲರನ್ನೂ ಅರೆಮನಸ್ಸಿನಿಂದ ನೋಡುವುದಕ್ಕಿಂತ ಹತ್ತರಲ್ಲಿ ಒಬ್ಬರನ್ನು ಸರಿಯಾಗಿ ನೋಡುವುದು ಮೇಲು ಅನ್ನುವ ಪಕ್ಷದವನು ನಾನು.

ಸಿಸಿಟಿವಿ ಎಲ್ಲಾ ಕಡೆ ಹಾಕಿದ್ರೆ ಮುಗೀತಲ್ಲ?

ಕ್ಯಾಮೆರಾ ತಡೆಯುವುದಕ್ಕಿಂತ ಹುಡುಕುವುದರಲ್ಲಿ ಚುರುಕು. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟ ಆದಾಗ, ಶಂಕಿತ ಬಿಎಂಟಿಸಿ ಬಸ್ಸಿನಲ್ಲಿ ಓಡಾಡಿದ ದೃಶ್ಯ ತನಿಖೆಗೆ ದೊಡ್ಡ ಸಹಾಯ ಮಾಡಿತು. ಏಪ್ರಿಲ್‌ನಲ್ಲಿ ಪಶ್ಚಿಮ ಬಂಗಾಳದಲ್ಲಿ ಬಂಧನ ಆಯಿತು. 2005ರ ಜುಲೈ 7ರಂದು ಲಂಡನ್‌ನಲ್ಲಿ 52 ಜನರನ್ನು ಕೊಂದವರೂ ನಿಲ್ದಾಣದ ಕ್ಯಾಮೆರಾಗಳಲ್ಲಿ ಸ್ಪಷ್ಟವಾಗಿ ಕಂಡಿದ್ದರು. ಸಾಯಲು ಸಿದ್ಧವಾಗಿ ಬಂದವನಿಗೆ ಕ್ಯಾಮೆರಾ ಲೆಕ್ಕಕ್ಕಿಲ್ಲ. ಜೇಬುಗಳ್ಳನಿಗೆ ಲೆಕ್ಕ ಇದೆ, ಅದೂ ಯಾರೋ ನೋಡುತ್ತಿದ್ದಾರೆ ಅನ್ನಿಸಿದರೆ ಮಾತ್ರ.

ದುಡ್ಡು ಕೊಡುವ ಮೊದಲು ಕೇಳಬೇಕಾದವು: ಮುಖ ಗುರುತು ಸಿಗುತ್ತದಾ, ಬರೀ ತಲೆಗೂದಲು ಕಾಣುತ್ತದಾ? ಎಷ್ಟು ದಿನ ಉಳಿಯುತ್ತದೆ? ಯಾರು ನೋಡಬಹುದು, ನೋಡಿದ್ದಕ್ಕೆ ದಾಖಲೆ ಇದೆಯಾ? ಮುಖ ಗುರುತಿಸುವ ತಂತ್ರಾಂಶ ಹಾಕುವುದಾದರೆ ಈ ಕೊನೇ ಪ್ರಶ್ನೆ ಇನ್ನೂ ದೊಡ್ಡದು. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ಸಾಕಷ್ಟು ಜಾಗ ಬಿಟ್ಟಿದ್ದಾರೆ.

ನಿಲ್ದಾಣ ಕಟ್ಟುವಾಗಲೇ ಏನಾದ್ರೂ ಮಾಡಬಹುದಾ?

ಮಾಡಬಹುದು, ಅದೇ ಅಗ್ಗ. 1976ರಲ್ಲಿ ಶುರುವಾದ ವಾಷಿಂಗ್ಟನ್ ಮೆಟ್ರೋ ಇದಕ್ಕೆ ಹಳೆಯ ಉದಾಹರಣೆ. ಎತ್ತರದ ಕಮಾನು ಚಾವಣಿ, ಅಡ್ಡ ಕಂಬಗಳಿಲ್ಲದ ಪ್ಲಾಟ್‌ಫಾರಂ, ಅವಿತುಕೊಳ್ಳಲು ಮೂಲೆ ಇಲ್ಲದ ಹಾದಿ. ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿ ಕಾಣುತ್ತದೆ. ಆ ಊರಿನ ಬೀದಿಗಳಿಗೆ ಹೋಲಿಸಿದರೆ ಒಳಗೆ ಅಪರಾಧ ತುಂಬ ಕಮ್ಮಿ ಇತ್ತು ಅಂತ ಅಧ್ಯಯನಗಳು ತೋರಿಸಿದವು.

ಸಣ್ಣ ಬದಲಾವಣೆಗಳೂ ಲೆಕ್ಕಕ್ಕೆ ಬರುತ್ತವೆ. ಲೋಹದ ಕಸದ ಡಬ್ಬದ ಬದಲು ಒಳಗಿನದು ಕಾಣುವ ಪಾರದರ್ಶಕ ಚೀಲ. ಬಾಗಿಲ ಮುಂದೆ ವಾಹನ ನುಗ್ಗದಂತೆ ಗಟ್ಟಿ ಕಂಬ. ಒಡೆದರೂ ಚೂರಾಗಿ ಹಾರದ ಗಾಜು. ಬೆಂಚಿನ ಕೆಳಗೆ ಏನೂ ಅಡಗಿಸಲು ಬಾರದ ಹಾಗೆ ಬಯಲು. ಕಟ್ಟಡ ಮುಗಿದ ಮೇಲೆ ಇದನ್ನೆಲ್ಲಾ ಸೇರಿಸಲು ಹೋದರೆ ಖರ್ಚು ಎಷ್ಟೋ ಪಟ್ಟು.

ನಮ್ಮಲ್ಲಿ ಬಾಂಬಿಗಿಂತ ನೂಕುನುಗ್ಗಲಿಗೇ ಜನ ಸಾಯೋದು ಜಾಸ್ತಿ ಅಲ್ವಾ?

ಈಚಿನ ವರ್ಷಗಳನ್ನು ನೋಡಿದರೆ ಈ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. 2017ರ ಸೆಪ್ಟೆಂಬರ್ 29ರಂದು ಮುಂಬೈಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಮೇಲ್ಸೇತುವೆಯಲ್ಲಿ ಮಳೆಗೆ ಜನ ಒಟ್ಟಾಗಿ, 23 ಜನ ಸತ್ತರು. 2025ರ ಫೆಬ್ರುವರಿ 15ರ ರಾತ್ರಿ ಕುಂಭಮೇಳದ ರಷ್‌ನಲ್ಲಿ ನವದೆಹಲಿ ನಿಲ್ದಾಣದಲ್ಲಿ 18 ಜನ. ಅದೇ ವರ್ಷ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ. ಆ ಸಂಜೆ ಹತ್ತಿರದ ಮೆಟ್ರೋ ನಿಲ್ದಾಣಗಳನ್ನು ಮುಚ್ಚಬೇಕಾಯಿತು.

ಭದ್ರತಾ ವರದಿಗಳಲ್ಲಿ ಇದು ಬರುವುದೇ ಇಲ್ಲ, ಯಾಕೆಂದರೆ ಇಲ್ಲಿ ಶತ್ರು ಇಲ್ಲ. ಆದರೆ ಮದ್ದು ಗೊತ್ತಿರುವುದೇ. ಮೆಟ್ಟಿಲಿನಲ್ಲಿ ಬರುವವರಿಗೂ ಹೋಗುವವರಿಗೂ ಬೇರೆ ದಾರಿ. ಕೊನೇ ಕ್ಷಣದಲ್ಲಿ ಪ್ಲಾಟ್‌ಫಾರಂ ಬದಲಿಸಿ ಘೋಷಣೆ ಮಾಡದಿರುವುದು. ಒಳಗೆ ಜಾಗ ಆಗುವವರೆಗೆ ಹೊರಗೇ, ಬಯಲಿನಲ್ಲಿ, ಜನರನ್ನು ತಡೆಯುವುದು. ಚದರ ಮೀಟರಿಗೆ ಐದಾರು ಜನ ಆದಮೇಲೆ ಯಾರೂ ತಾವಾಗಿ ನಡೆಯುವುದಿಲ್ಲ, ಗುಂಪು ಎಳೆದ ಕಡೆ ಹೋಗುತ್ತಾರೆ. ಅದಕ್ಕೆ ಮೊದಲೇ ತಡೆಯಬೇಕು. ಭಯೋತ್ಪಾದನೆ ನಿಂತಿದೆ ಅಂತ ಇದರ ಅರ್ಥ ಅಲ್ಲ. 2006ರ ಜುಲೈ 11ರಂದು ಮುಂಬೈ ಲೋಕಲ್‌ಗಳಲ್ಲಿ ಕೆಲವೇ ನಿಮಿಷಗಳಲ್ಲಿ ಏಳು ಸ್ಫೋಟ ಆಗಿ 180ಕ್ಕೂ ಹೆಚ್ಚು ಜನ ಸತ್ತರು. 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೋದಲ್ಲಿ ಹೋಗುವಾಗಲೇ ಕುಕ್ಕರ್ ಬಾಂಬ್ ಸಿಡಿದದ್ದು ನಮಗೆಲ್ಲಾ ನೆನಪಿದೆ.

ಈಗ ಎಲ್ಲಾ ಕಂಪ್ಯೂಟರ್. ಹ್ಯಾಕ್ ಮಾಡಿ ರೈಲು ಡಿಕ್ಕಿ ಹೊಡೆಸಬಹುದಾ?

ಸಿನಿಮಾದಷ್ಟು ಸುಲಭ ಅಲ್ಲ. ಸಿಗ್ನಲ್ ವ್ಯವಸ್ಥೆ ಏನೇ ಕೆಟ್ಟರೂ ಕೆಂಪಿಗೆ ಹೋಗುವ ಹಾಗೆ ಮಾಡಿರುತ್ತಾರೆ. ಹಾಗಾಗಿ ದಾಳಿಯಿಂದ ಸಾಮಾನ್ಯವಾಗಿ ಆಗುವುದು ಡಿಕ್ಕಿಯಲ್ಲ, ಸ್ತಬ್ಧ. 2016ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟಿಕೆಟ್ ಯಂತ್ರಗಳಿಗೆ, ಕಂಪ್ಯೂಟರಿಗೆ ಬೀಗ ಹಾಕಿ ದುಡ್ಡು ಕೇಳುವ ರ್‍ಯಾನ್ಸಮ್‌ವೇರ್ ಬಿದ್ದು ಜನ ಪುಕ್ಕಟೆ ಓಡಾಡಿದರು.

ಪೋಲೆಂಡಿನ ಎರಡು ಘಟನೆಗಳು ನನಗೆ ಹೆಚ್ಚು ಯೋಚನೆಗೆ ಹಚ್ಚುತ್ತವೆ. 2008ರಲ್ಲಿ ವುಡ್ಜ್ ನಗರದಲ್ಲಿ 14 ವರ್ಷದ ಹುಡುಗ ಟಿವಿ ರಿಮೋಟನ್ನೇ ಬಿಚ್ಚಿ ಜೋಡಿಸಿ ಟ್ರಾಮ್ ಹಳಿಗಳ ದಿಕ್ಕು ಬದಲಿಸಿದ. ನಾಲ್ಕು ಟ್ರಾಮ್ ಹಳಿ ತಪ್ಪಿ ಹನ್ನೆರಡು ಜನಕ್ಕೆ ಗಾಯ ಆಯಿತು. 2023ರ ಆಗಸ್ಟ್‌ನಲ್ಲಿ ಯಾರೋ ರೇಡಿಯೋದಲ್ಲಿ ತುರ್ತು ನಿಲುಗಡೆಯ ಸ್ವರಗಳನ್ನು ಕಳಿಸಿ ಸುಮಾರು 20 ರೈಲುಗಳನ್ನು ನಿಲ್ಲಿಸಿದರು. ಎರಡೂ ಹಳೆಯ, ಬೀಗವೇ ಇಲ್ಲದ ತಂತ್ರಜ್ಞಾನ. ಹೊಸ ಸರ್ವರ್‌ಗೆ ಕೋಟಿ ಖರ್ಚು ಮಾಡುವ ಮೊದಲು ಡಿಪೋದಲ್ಲಿ ಯಾವ ಹಳೇ ಪೆಟ್ಟಿಗೆ ಯಾರ ಮಾತನ್ನು ಬೇಕಾದರೂ ಕೇಳುತ್ತಿದೆ ಅಂತ ಪಟ್ಟಿ ಮಾಡಬೇಕು.

ಅನೌನ್ಸರ್, ಕಂಡಕ್ಟರ್, ಕಸ ಗುಡಿಸೋರಿಗೆಲ್ಲಾ ಭದ್ರತೆ ತರಬೇತಿ ಯಾಕೆ?

2008ರ ನವೆಂಬರ್ 26ರ ರಾತ್ರಿ ಮುಂಬೈಯ ಸಿಎಸ್‌ಟಿಯಲ್ಲಿ ಭಯೋತ್ಪಾದಕರು ಗುಂಡು ಹಾರಿಸುವಾಗ ವಿಷ್ಣು ಝೇಂಡೆ ಅನ್ನುವ ರೈಲ್ವೆ ಅನೌನ್ಸರ್ ಮೇಲಿನ ಕೋಣೆಯಲ್ಲಿದ್ದರು. ಕೆಳಗೆ ನಡೆಯುವುದು ಕಾಣುತ್ತಿತ್ತು. ಯಾವ ಕಡೆ ಹೋಗಬಾರದು, ಯಾವ ಬಾಗಿಲಿನಿಂದ ಹೊರಗೆ ಹೋಗಬೇಕು ಅಂತ ಮೈಕಿನಲ್ಲಿ ಮತ್ತೆ ಮತ್ತೆ ಹೇಳಿದರು. ದಾಳಿಕೋರರು ಆ ಕೋಣೆಯ ಕಡೆಗೂ ಗುಂಡು ಹಾರಿಸಿದರು. ಆ ನಿಲ್ದಾಣದಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಅವರ ದನಿ ಇಲ್ಲದಿದ್ದರೆ ಇನ್ನೂ ಎಷ್ಟೋ ಜನ ಹೋಗುತ್ತಿದ್ದರು ಅಂತ ರೈಲ್ವೆಯೇ ಒಪ್ಪಿದೆ. ಅವರ ಕೈಯಲ್ಲಿ ಬಂದೂಕು ಇರಲಿಲ್ಲ, ಮೈಕ್ ಇತ್ತು.

ಮೊದಲ ಐದು ನಿಮಿಷ ಅಲ್ಲಿರುವುದು ಕಮಾಂಡೋ ಅಲ್ಲ, ಇವರೇ. ದಿನಾ ಗುಡಿಸುವವರಿಗೆ ಆ ಮೂಲೆಯಲ್ಲಿ ನಿನ್ನೆ ಏನಿತ್ತು, ಇವತ್ತು ಏನು ಹೊಸದು ಅಂತ ಯಾವ ಕ್ಯಾಮೆರಾಗಿಂತ ಚೆನ್ನಾಗಿ ಗೊತ್ತು. ಆದರೆ ಗುತ್ತಿಗೆಯ ಮೇಲೆ ಆರು ತಿಂಗಳಿಗೊಮ್ಮೆ ಜನ ಬದಲಾದರೆ ಆ ಜ್ಞಾನವೂ ಹೋಗುತ್ತದೆ. ಹೇಳಿದರೆ ಬೈಗುಳ ಬರುತ್ತದೆ ಅನ್ನುವ ಜಾಗದಲ್ಲಿ ಯಾರೂ ಹೇಳುವುದಿಲ್ಲ.

ಹೇಳಲು ಸಾಧನವೂ ಬೇಕು. 2005ರ ಲಂಡನ್ ದಾಳಿಯ ದಿನ ನೆಲದಡಿಯಲ್ಲಿ ರಕ್ಷಣಾ ತಂಡಗಳ ರೇಡಿಯೋ ಕೆಲಸ ಮಾಡಲಿಲ್ಲ. ಸಂದೇಶ ಹೊತ್ತು ಜನ ಮೇಲಕ್ಕೂ ಕೆಳಕ್ಕೂ ಓಡಬೇಕಾಯಿತು. ಆಮೇಲೆ ಸುರಂಗದೊಳಗೂ ರೇಡಿಯೋ ಜಾಲ ತಂದರು.

ಇಷ್ಟು ದುಡ್ಡು ಸುರಿದು ಪ್ರಯೋಜನ ಆಗಿದೆ ಅಂತ ಹೇಗೆ ಗೊತ್ತಾಗುತ್ತೆ? ಏನೂ ಆಗಿಲ್ಲ ಅಂದ್ರೆ ಯಶಸ್ಸಾ?

ಏನೂ ಆಗದಿರುವುದು ಅದೃಷ್ಟವೂ ಇರಬಹುದು. ಅದಕ್ಕೆ ಫಲಿತಾಂಶದ ಬದಲು ತಯಾರಿ ಅಳೆಯಬೇಕು. ಯಾರಿಗೂ ಹೇಳದೆ ಒಂದು ಖಾಲಿ ಬ್ಯಾಗ್ ಇಟ್ಟು ಗಡಿಯಾರ ನೋಡಿ: ಯಾರಾದರೂ ಗಮನಿಸಲು ಎಷ್ಟು ನಿಮಿಷ, ಕಂಟ್ರೋಲ್ ರೂಮಿಗೆ ಸುದ್ದಿ ಮುಟ್ಟಲು ಎಷ್ಟು, ಮುಂದಿನ ರೈಲು ತಡೆಯಲು ಎಷ್ಟು? ಮೂರು ತಿಂಗಳ ನಂತರ ಮತ್ತೆ ಮಾಡಿ. ಸಂಖ್ಯೆ ಇಳಿದಿದ್ದರೆ ದುಡ್ಡು ದುಡಿದಿದೆ. ಅಣಕು ಕಾರ್ಯಾಚರಣೆಯನ್ನು ಭಾನುವಾರ ಬೆಳಿಗ್ಗೆ ಪತ್ರಕರ್ತರನ್ನು ಕರೆದು ಮಾಡಿದರೆ ಫೋಟೊ ಚೆನ್ನಾಗಿ ಬರುತ್ತದೆ. ಸೋಮವಾರ ಸಂಜೆ ಆರಕ್ಕೆ ಮಾಡಿದರೆ ಸತ್ಯ ಹೊರಬರುತ್ತದೆ.

ನಮ್ಮದು ಐದಾರು ಬಸ್ಸಿನ ಸಣ್ಣ ಟ್ರಾವೆಲ್ಸ್. ಇದೆಲ್ಲಾ ನಮ್ಮ ಕೈಲಿ ಆಗುತ್ತಾ?

ಬಹುಪಾಲು ಆಗುತ್ತದೆ, ಖರ್ಚೂ ಹೆಚ್ಚಿಲ್ಲ. ಮೊದಲು ಪಾರ್ಸಲ್ ನೋಡಿ. ಪ್ರಯಾಣಿಕರ ಸಾಮಾನಿಗಿಂತ, ಜೊತೆಗೆ ಯಾರೂ ಬರದ ಪಾರ್ಸಲ್ ನಿಮ್ಮ ದೊಡ್ಡ ಅಪಾಯ. ಕಳಿಸುವವರ ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳಿ, ಒಳಗೇನಿದೆ ಅಂತ ತೆರೆಸಿ ನೋಡಿ, ತೆರೆಯಲು ಒಪ್ಪದಿದ್ದರೆ ತೆಗೆದುಕೊಳ್ಳಬೇಡಿ. ನೂರು ರೂಪಾಯಿ ಬಾಡಿಗೆಗೆ ಅದು ಬೇಡ.

ಬಸ್ ನಿಂತ ಜಾಗದಲ್ಲಿ ಕೀ ಬಿಟ್ಟು ಹೋಗದಿರಲಿ. ಬೆಳಿಗ್ಗೆ ಹೊರಡುವ ಮೊದಲು ಕ್ಲೀನರ್ ಸೀಟಿನ ಕೆಳಗೆ, ಡಿಕ್ಕಿಯಲ್ಲಿ, ಚಕ್ರದ ಒಳಮಗ್ಗುಲಲ್ಲಿ ಟಾರ್ಚ್ ಹಾಕಿ ನೋಡಲಿ. ಐದು ನಿಮಿಷದ ಕೆಲಸ.

ಆಮೇಲೆ ಹೊರಬರುವ ದಾರಿ. 2025ರ ಅಕ್ಟೋಬರ್ 24ರ ಮುಂಜಾನೆ ಕರ್ನೂಲ್ ಹತ್ತಿರ ಹೈದರಾಬಾದ್‌ನಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಬಸ್ಸಿಗೆ ಬೈಕ್ ಸಿಕ್ಕಿಕೊಂಡು ಬೆಂಕಿ ಹತ್ತಿತು. ಮಲಗಿದ್ದ ಎಷ್ಟೋ ಜನ ಹೊರಗೆ ಬರಲಾಗಲಿಲ್ಲ, ಬದುಕಿದವರಲ್ಲಿ ಹಲವರು ಕಿಟಕಿ ಒಡೆದು ಹಾರಿದವರು. ನಿಮ್ಮ ಬಸ್ಸಿನ ತುರ್ತು ಬಾಗಿಲಿಗೆ ಅಡ್ಡ ಸೀಟು ಹಾಕಿದ್ದರೆ ತೆಗೆಸಿ. ಗಾಜು ಒಡೆಯುವ ಸುತ್ತಿಗೆ ಎಲ್ಲರ ಕೈಗೆ ಸಿಗುವ ಕಡೆ ಇರಲಿ. ಕಳವಾಗುತ್ತದೆ ಅಂತ ಡ್ರೈವರ್ ಕ್ಯಾಬಿನ್ನಿನಲ್ಲಿ ಬೀಗ ಹಾಕಿಡುವವರಿದ್ದಾರೆ. ಕಳವಾದರೆ ಇನ್ನೊಂದು ತನ್ನಿ.